ಹತ್ತಲಾಗದ ಬೇಲಿ: ಹಾಕುವ ಮೊದಲು ಜಾಗದಲ್ಲಿ ಏನೇನು ನೋಡಬೇಕು?

ಓದುಗರ ಪ್ರಶ್ನೆ, ಬಲ್ಲವರ ಉತ್ತರ

ಕಳವು ತಡೆಯುವ ಬೇಲಿಗಳ ಬಗ್ಗೆ ಬೆಳಗಾವಿ, ವಿಜಯಪುರ, ಬಾಗಲಕೋಟೆ ಜಿಲ್ಲೆಗಳ ಓದುಗರಿಂದ ಬಂದ ಪತ್ರಗಳಲ್ಲಿ ಆರನ್ನು ಆರಿಸಿದ್ದೇವೆ. ಹೆಚ್ಚಿನವರು ಕೇಳಿರುವುದು ಯಾವ ಬೇಲಿ ಒಳ್ಳೆಯದು ಎಂದು. ಆದರೆ ಪತ್ರಗಳಲ್ಲಿ ಬರೆದಿರುವ ತೊಂದರೆಗಳನ್ನು ನೋಡಿದರೆ ಬಹುಪಾಲು ಹುಟ್ಟಿರುವುದು ಜಾಗವನ್ನು ಸರಿಯಾಗಿ ನೋಡದೆ ಆರ್ಡರ್ ಕೊಟ್ಟದ್ದರಿಂದ.

ಪ್ರಶ್ನೆ: ಬೆಳಗಾವಿಯ ಉದ್ಯಮಬಾಗದಲ್ಲಿ ನಮ್ಮದೊಂದು ಸಣ್ಣ ಫೌಂಡ್ರಿ ಇದೆ. ತಾಮ್ರದ ಕೇಬಲ್, ಸ್ಕ್ರ್ಯಾಪ್ ಕಳವಾಗುತ್ತಿದೆ. ಮೂರು ಕಡೆ ಆರು ಅಡಿಯ ಹಳೆಯ ಕಲ್ಲಿನ ಗೋಡೆ, ಹಿಂದಿನ ಕಡೆ ಚೈನ್‌ಲಿಂಕ್ ಜಾಳಿಗೆ. ಇಬ್ಬರು ಕಾಂಟ್ರ್ಯಾಕ್ಟರು ಫೋನಿನಲ್ಲೇ ರನ್ನಿಂಗ್ ಫೂಟ್ ರೇಟು ಹೇಳಿದರು. ಮೂರನೆಯವರು ಸೈಟ್ ಸರ್ವೆಗೇ ಬೇರೆ ದುಡ್ಡು ಕೇಳುತ್ತಿದ್ದಾರೆ. ಕೊಡಬೇಕೇ? ಸರ್ವೆಯಲ್ಲಿ ಏನು ಮಾಡಿಸಬೇಕು?

ಉತ್ತರ: ಕೊಡಿ. ಫೋನಿನಲ್ಲಿ ಹೇಳಿದ ರೇಟಿನಲ್ಲಿ ಬೇಲಿಯ ಉದ್ದ ಮಾತ್ರ ಇರುತ್ತದೆ. ಕಳ್ಳನಿಗೆ ಬೇಲಿಯ ಉದ್ದದ ಗೊಡವೆ ಇಲ್ಲ, ನುಸುಳಲು ಒಂದೇ ಒಂದು ಜಾಗ ಸಿಕ್ಕರೆ ಸಾಕು. ಆ ಜಾಗವನ್ನು ಅವನಿಗಿಂತ ಮೊದಲು ಕಂಡುಹಿಡಿಯುವುದೇ ಸರ್ವೆ.

ಮೊದಲು ಗಡಿ. ನಗರದೊಳಗಾದರೆ ಸಿ.ಟಿ.ಎಸ್. (ನಗರ ಸರ್ವೆ) ಉತಾರ ಮತ್ತು ನಕಾಶೆ, ಹೊಲದ ಸರ್ವೆ ನಂಬರಾದರೆ ಹದ್ದುಬಸ್ತು ಮಾಡಿಸಿದ ಸ್ಕೆಚ್ ಕೈಯಲ್ಲಿರಲಿ. ‘ಅಲ್ಲೊಂದು ಹಳೆಯ ಗೋಡೆ ಇದೆಯಲ್ಲ, ಅದೇ ಗಡಿ’ ಎಂದು ನಂಬಿ ಕಂಬದ ಗುಂಡಿ ತೋಡಿದ ಮೇಲೆ ಪಕ್ಕದವರು ಸರ್ವೇಯರನ್ನು ಕರೆತಂದರೆ ಕಾಂಕ್ರೀಟ್ ಒಡೆಯುವ ಖರ್ಚೂ ನಿಮ್ಮದೇ. ಗುಂಡಿ 45 ಸೆಂ.ಮೀ. ಅಗಲವಿದ್ದರೆ ಕಂಬದ ಮಧ್ಯರೇಖೆ ಗಡಿಯಿಂದ ಕನಿಷ್ಠ 25 ಸೆಂ.ಮೀ. ಒಳಗೆ ಬರಬೇಕು. ಇಲ್ಲದಿದ್ದರೆ ಬೇಲಿ ನಿಮ್ಮ ಜಾಗದಲ್ಲಿದ್ದರೂ ಬುನಾದಿ ಪಕ್ಕದವರಲ್ಲಿ ಇರುತ್ತದೆ. ಕ್ಯಾಂಟೋನ್ಮೆಂಟ್ ಹದ್ದಿನಲ್ಲಿರುವ ಜಾಗವಾದರೆ ಕೆಲಸಕ್ಕೆ ಮೊದಲೇ ಮಂಡಳಿಯನ್ನು ಕೇಳಬೇಕು.

ಆಮೇಲೆ ನಡಿಗೆ. ಲೈನ್‌ದಾರ ಕಟ್ಟಿ, ಪ್ರತಿ 2.5 ಮೀಟರಿಗೆ ಒಂದು ಗೂಟ ಹೊಡೆಯಿರಿ. ಮಾರುಕಟ್ಟೆಯ ಪ್ಯಾನೆಲ್‌ಗಳ ಅಗಲ ಹೆಚ್ಚುಕಡಿಮೆ ಅಷ್ಟೇ ಇರುವುದರಿಂದ ಗೂಟದ ಲೆಕ್ಕವೇ ಕಂಬದ ಲೆಕ್ಕವಾಗುತ್ತದೆ. ಪ್ರತಿ ಗೂಟಕ್ಕೂ ಒಂದು ಸಾಲು ಬರೆಯಿರಿ: ಹೊರಗಿನ ನೆಲದ ಮಟ್ಟ, ಒಳಗಿನ ಮಟ್ಟ, ಮಣ್ಣು ಯಾವುದು, ನೆಲದಡಿ ಏನಿದೆ, ಎರಡೂ ಕಡೆ 3 ಮೀಟರಿನೊಳಗೆ ಏನಿದೆ. ಮಟ್ಟಕ್ಕೆ ಗೌಂಡಿಯ ನೀರಿನ ಲೆವೆಲ್ ಪೈಪ್ ಸಾಕು, ದೊಡ್ಡ ಯಂತ್ರ ಬೇಕಿಲ್ಲ.

ಈ ಕೊನೆಯ ಕಲಮೇ ಮುಖ್ಯ. 3 ಮೀಟರಿನೊಳಗಿನ ಬೇವಿನ ಮರ, ಲೈಟಿನ ಕಂಬ, ನೀರಿನ ಟಾಕಿ, ಜನರೇಟರ್ ಶೆಡ್ಡು, ಪಕ್ಕದವರು ಒಟ್ಟಿದ ಪ್ಯಾಲೆಟ್‌ಗಳು, ಸಂಜೆ ಮೇಲೆ ನಿಲ್ಲುವ ಲಾರಿ, ಎಲ್ಲವೂ ಏಣಿಗಳೇ. ಲಾರಿ ಹಗಲಿಗೆ ಅಲ್ಲಿರುವುದಿಲ್ಲ. ಅದಕ್ಕೇ ಒಂದು ಸುತ್ತು ಕತ್ತಲಾದ ಮೇಲೂ ಹಾಕಬೇಕು. ಬೀದಿದೀಪದ ಬೆಳಕು ಎಲ್ಲಿ ಮುಟ್ಟುವುದಿಲ್ಲ ಎಂಬುದೂ ಆಗಲೇ ಕಾಣುತ್ತದೆ. ಎತ್ತರವನ್ನು ಯಾವಾಗಲೂ ಹೊರಗಿನ ನೆಲದಿಂದ, ಅದರಲ್ಲೂ ಅತಿ ಎತ್ತರದ ದಿಬ್ಬದಿಂದ ಅಳೆಯಿರಿ. ಒಳಗಿನಿಂದ ಎಂಟು ಅಡಿ ಕಾಣುವ ಬೇಲಿ, ಹೊರಗೆ ರಸ್ತೆ ಏರಿಸಿದ ಕಡೆ ಆರೇ ಅಡಿ ಉಳಿದಿರುತ್ತದೆ.

ಇನ್ನು ನಿಮ್ಮ ಕಲ್ಲಿನ ಗೋಡೆ. ಎಲ್ಲರೂ ಎಡವುವುದು ಇಲ್ಲೇ. ಆರು ಅಡಿ ಗೋಡೆಯ ಒಂದು ಅಡಿ ಒಳಗೆ ಎಂಟು ಅಡಿಯ ಜಾಳಿಗೆ ನಿಲ್ಲಿಸಿದರೆ ಎಂಟು ಅಡಿಯ ಬೇಲಿ ಹಾಕಿದೆವು ಎಂದುಕೊಳ್ಳುತ್ತಾರೆ. ಗೋಡೆಯ ತಲೆಯ ಮೇಲೆ ನಿಂತವನಿಗೆ ಅದು ಎರಡೇ ಅಡಿ, ಅವನ ಮೊಣಕಾಲಿಗಿಂತ ಸ್ವಲ್ಪ ಮೇಲೆ. ಆದ್ದರಿಂದ ಗೋಡೆಗೆ ಹತ್ತಿರ ಬೇಲಿ ಬಂದರೆ ಅಳತೆ ಗೋಡೆಯ ತಲೆಯಿಂದ ಶುರುವಾಗಬೇಕು. ಇಲ್ಲವೇ ಗೋಡೆಯ ತಲೆಯ ಮೇಲೆ ಕಾಲಿಡಲು ಜಾಗವೇ ಇರದಂತೆ ಅಲ್ಲೇ ಕಾನ್ಸರ್ಟಿನಾ, ಅಂದರೆ ಬ್ಲೇಡ್ ತಂತಿಯ ಸುರುಳಿ ಕೂರಿಸಬೇಕು.

ಗೋಡೆಯ ಮೇಲೇ ಆಂಗಲ್ ನಿಲ್ಲಿಸುವ ಆಲೋಚನೆ ಇದ್ದರೆ ಮೊದಲು ತೂಕದ ಗುಂಡು ಬಿಟ್ಟು ನೋಡಿ. ಆರು ಅಡಿಗೆ ಒಂದು ಇಂಚಿಗಿಂತ ಹೆಚ್ಚು ವಾಲಿದ್ದರೆ ಅದರ ಮೇಲೆ ಏನೂ ಹೊರಿಸಬೇಡಿ. ಸುತ್ತಿಗೆಯಿಂದ ತಲೆಯ ಸಾಲನ್ನು ತಟ್ಟಿ: ಟೊಳ್ಳು ಸದ್ದು ಬಂದರೆ, ಕಲ್ಲು ಅಲುಗಿದರೆ, ಗಾರೆ ಮಣ್ಣಿನದು. ಅಂಥ ಕಡೆ ಆ್ಯಂಕರ್ ಬೋಲ್ಟ್ ಹಿಡಿಯುವುದಿಲ್ಲ. ಬಿಗಿಯುತ್ತಾ ಹೋದ ಹಾಗೆ ಕಲ್ಲೇ ಮೇಲೇಳುತ್ತದೆ. ಮೇಲಿನ ಸಾಲು ತೆಗೆದು, ಆರು ಇಂಚು ದಪ್ಪದ ಕಾಂಕ್ರೀಟ್ ಬೆಡ್ ಹಾಕಿ, ಅದರಲ್ಲಿ 10 ಮಿ.ಮೀ.ನ ನಾಲ್ಕು ಸಲಾಕೆ ಕೊಟ್ಟು, ಆಂಗಲ್‌ಗಳನ್ನು ಆ ಕಾಂಕ್ರೀಟಿನಲ್ಲೇ ಹೂಳಬೇಕು. ಇಷ್ಟಾದರೂ ಮೇಲೆ ಸುರುಳಿ ಮಾತ್ರ, ಜಾಳಿಗೆ ಬೇಡ. ಹತ್ತುವುದನ್ನು ತಡೆಯುವ ‘358’ ಜಾಳಿಗೆಯ ಕಣ್ಣು 76.2 ಮತ್ತು 12.7 ಮಿ.ಮೀ., ತಂತಿ 4 ಮಿ.ಮೀ. ಲೆಕ್ಕ ಹಾಕಿದರೆ ಅದರ ಮೈಯಲ್ಲಿ ಶೇ. 35ರಷ್ಟು ಉಕ್ಕೇ. ಮುಂಗಾರಿನ ಗಾಳಿಗೆ ಅಷ್ಟು ಮೈ ಕೊಟ್ಟರೆ ಹಳೆಯ ಗೋಡೆ ಬುಡಸಮೇತ ವಾಲುತ್ತದೆ.

ಹಿಂದಿನ ಚೈನ್‌ಲಿಂಕ್ ತೆಗೆದು ಅಲ್ಲಿ 358 ಹಾಕಿಸುವುದು ಸರಿ. ಚೈನ್‌ಲಿಂಕ್‌ನ ಎರಡು ಇಂಚಿನ ಕಣ್ಣಿನಲ್ಲಿ ಬೂಟಿನ ತುದಿ ಆರಾಮವಾಗಿ ಕೂರುತ್ತದೆ. 12.7 ಮಿ.ಮೀ. ಸಂದಿನಲ್ಲಿ ಬೆರಳಿಗೂ ಹಿಡಿತ ಸಿಗದು, ಸಾಮಾನ್ಯ ಕಟ್ಟರ್‌ನ ಮೂತಿಯೂ ಸುಲಭಕ್ಕೆ ಹೋಗದು. ಆದರೆ ಈ ಪ್ಯಾನೆಲ್ ಗಡುಸು, ಇಳಿಜಾರಿಗೆ ತಕ್ಕಂತೆ ಬಾಗದು. ಮೆಟ್ಟಿಲು ಮೆಟ್ಟಿಲಾಗಿ ಕೂರಿಸಬೇಕು. ಹತ್ತಕ್ಕೆ ಒಂದರ ಇಳಿಜಾರಿದ್ದರೆ 2.5 ಮೀ. ಪ್ಯಾನೆಲ್‌ನ ಒಂದು ತುದಿಯ ಕೆಳಗೆ 25 ಸೆಂ.ಮೀ. ಸಂದು ಬಿಡುತ್ತದೆ, ತೆಳ್ಳಗಿನ ಹುಡುಗ ತೂರಲು ಅಷ್ಟು ಸಾಕು. ಲೆವೆಲ್ ಪೈಪಿನ ಅಳತೆ ಮೊದಲೇ ಇದ್ದರೆ ಎಷ್ಟು ಬುಡಗೋಡೆ ಕಟ್ಟಬೇಕು ಎಂಬುದು ಕೊಟೇಶನ್‌ನಲ್ಲೇ ಬರುತ್ತದೆ. ಇಲ್ಲದಿದ್ದರೆ ಕೆಲಸದ ನಡುವೆ ‘ಎಕ್ಸ್‌ಟ್ರಾ’ ಆಗಿ ಬರುತ್ತದೆ. ಬೇಲಿಯ ಅಡಿಯಲ್ಲಿ 5 ಸೆಂ.ಮೀ.ಗಿಂತ ಹೆಚ್ಚು ಸಂದು ಎಲ್ಲೂ ಇರಬಾರದು.

ಬೆಳಗಾವಿಯಲ್ಲಿ ಮಳೆ ಜೋರು, ಹಾಗಾಗಿ ಗಟಾರ ಮರೆಯಬೇಡಿ. ಬೇಲಿ ಗಟಾರ ದಾಟುವ ಕಡೆ ಕಾಂಕ್ರೀಟಿನಲ್ಲಿ ಹೂತ ಸಲಾಕೆಯ ಜಾಲರಿ ಬೇಕು, ಸಲಾಕೆಗಳ ನಡುವೆ 10ರಿಂದ 12 ಸೆಂ.ಮೀ. ಇನ್ನೂ ಕಿರಿದಾಗಿಸಿದರೆ ಕಸ ಕಟ್ಟಿ ನೀರು ಅಡ್ಡ ಹರಿದು ಬೇಲಿಯ ಬುಡವನ್ನೇ ಕೊರೆಯುತ್ತದೆ. ಆಗ ಜಾಲರಿ ಇದ್ದ ಹಾಗೇ ಇರುತ್ತದೆ, ಅದರ ಪಕ್ಕದಲ್ಲಿ ಹೊಸ ದಾರಿ ತೆರೆದಿರುತ್ತದೆ.

ಗೇಟು ಬೇಲಿಗಿಂತ ಗಿಡ್ಡವಿರುವುದು, ಅದರ ಅಡ್ಡಪಟ್ಟಿಗಳು ಹೊರಮುಖಕ್ಕಿರುವುದು, ಎತ್ತಿದರೆ ಕಳಚುವ ಹಿಂಜು, ಈ ಮೂರು ದೋಷ ಹಳೆಯ ಕಾರ್ಖಾನೆಗಳಲ್ಲಿ ಸಾಮಾನ್ಯ. ಮೇಲಿನ ಹಿಂಜನ್ನು ತಲೆಕೆಳಗಾಗಿ ಕೂರಿಸಿದರೆ ಗೇಟನ್ನು ಎತ್ತಿ ತೆಗೆಯಲಾಗದು. ಖರ್ಚು ಏನೂ ಇಲ್ಲ, ವೆಲ್ಡರ್‌ಗೆ ಹೇಳಬೇಕು ಅಷ್ಟೇ. ಬೇಲಿಯಲ್ಲೂ ಅಷ್ಟೇ: ಜಾಳಿಗೆ ಹೊರಗೆ, ಕಂಬ ಮತ್ತು ನಟ್ಟು ಒಳಗೆ.

ಮೇಲೆ ಹೆಸ್ಕಾಂ ಲೈನ್ ಹಾದುಹೋಗಿದ್ದರೆ ಅದನ್ನು ನಕ್ಷೆಯಲ್ಲಿ ಕೆಂಪು ಗೆರೆಯಲ್ಲಿ ಬರೆಯಿರಿ. 11 ಕೆ.ವಿ. ಬರಿತಂತಿಗೂ ಕಟ್ಟಡಕ್ಕೂ ನಿಯಮದಂತೆ ಅಡ್ಡಕ್ಕೆ 1.2 ಮೀ., ಮೇಲಕ್ಕೆ 3.7 ಮೀ. ಅಂತರ ಬೇಕು. ಕಾನ್ಸರ್ಟಿನಾಕ್ಕೆ ಇದಕ್ಕಿಂತ ಹೆಚ್ಚು ಬಿಡುವುದು ಒಳ್ಳೆಯದು. ಕಟ್ಟಿದ ತಂತಿ ಕತ್ತರಿಸಿದ ಕೂಡಲೇ ಸುರುಳಿ ಸ್ಪ್ರಿಂಗಿನ ಹಾಗೆ ಹಾರುತ್ತದೆ, ಎತ್ತ ಹಾರುತ್ತದೆಂದು ಹೇಳಲಾಗದು. ಲೈನ್ ಕೆಳಗೆ ಕೆಲಸವಿರುವ ದಿನ ಕರೆಂಟ್ ತೆಗೆಸಿಯೇ ಮಾಡಿಸಿ. ಲೈನಿನ ಎರಡೂ ಬದಿಯ ಕಂಬಗಳಿಗೆ ಅರ್ಥಿಂಗ್ ಕೊಡಿಸಿ. ನೆಲದಡಿಯ ಕೇಬಲ್, ನೀರಿನ ಪೈಪುಗಳಿಗೆ 2023ರಲ್ಲಿ ಬಂದ ‘ಕಾಲ್ ಬಿಫೋರ್ ಯು ಡಿಗ್’ ಆ್ಯಪ್‌ನಲ್ಲಿ ಗುತ್ತಿಗೆದಾರರಿಂದ ಅಗೆತದ ಮಾಹಿತಿ ಮೊದಲೇ ಕೊಡಿಸಿ. ನಿಮ್ಮದೇ ಕಾರ್ಖಾನೆಯ ಹಳೆಯ ಕೇಬಲ್ ಎಲ್ಲಿದೆ ಎಂಬುದನ್ನು ಮಾತ್ರ ನಿಮ್ಮ ಎಲೆಕ್ಟ್ರಿಶಿಯನ್‌ನನ್ನೇ ಕೇಳಬೇಕು.

ಸತುವಿನ ಲೇಪದ ಬಗ್ಗೆ ಒಂದು ಮಾತು. 5 ಮಿ.ಮೀ. ಅಥವಾ ಹೆಚ್ಚು ದಪ್ಪದ ಉಕ್ಕಿಗೆ ಚದರ ಮೀಟರಿಗೆ 610 ಗ್ರಾಂ, ಅಂದರೆ ಸುಮಾರು 85 ಮೈಕ್ರಾನ್ ಕೇಳಿ. ಸೈಟಿಗೆ ಬಂದ ಮೇಲೆ ಕಂಬಕ್ಕೆ ವೆಲ್ಡಿಂಗ್ ಮಾಡಿದರೆ ಆ ಜಾಗದ ಸತು ಸುಟ್ಟುಹೋಗಿ ಎರಡನೇ ಮಳೆಗಾಲದೊಳಗೆ ತುಕ್ಕು ಇಳಿಯುತ್ತದೆ. ಎಲ್ಲಿ ತೂತು, ಎಲ್ಲಿ ಕ್ಲ್ಯಾಂಪು ಎಂಬುದು ಸರ್ವೆಯಲ್ಲೇ ತೀರ್ಮಾನವಾದರೆ ಸೈಟಿನಲ್ಲಿ ವೆಲ್ಡಿಂಗಿನ ಪ್ರಶ್ನೆಯೇ ಬರುವುದಿಲ್ಲ.

ಪ್ರಶ್ನೆ: ಇಂಡಿ ತಾಲೂಕಿನಲ್ಲಿ ನಮ್ಮ ಒಣದ್ರಾಕ್ಷಿ ಕೋಲ್ಡ್ ಸ್ಟೋರೇಜ್ ಇದೆ. ಪೂರಾ ಎರಿ ಭೂಮಿ. ಸುತ್ತಳತೆ 240 ಮೀಟರು. ಈಗಿರುವ ಸಿಮೆಂಟ್ ಕಂಬಗಳು ಪ್ರತಿ ಮಳೆಗಾಲ ಕಳೆದ ಮೇಲೆ ಒಂದೊಂದು ದಿಕ್ಕಿಗೆ ವಾಲುತ್ತವೆ. ಈಗ ದುಬಾರಿ ಜಾಳಿಗೆ ಹಾಕಿಸಬೇಕೆಂದಿದ್ದೇವೆ. ಅದೂ ಹೀಗೇ ಆದರೆ?

ಉತ್ತರ: ಬುನಾದಿ ಬದಲಿಸದಿದ್ದರೆ ಅದೂ ಹಾಗೇ ಆಗುತ್ತದೆ. ಕಂಬ ವಾಲಿದರೆ ಗಡುಸು ಪ್ಯಾನೆಲ್‌ನ ಕ್ಲ್ಯಾಂಪುಗಳು ಮೊದಲು ಕಿತ್ತುಬರುತ್ತವೆ.

ಎರಿ ಮಣ್ಣು ನೀರು ಕುಡಿದು ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗಿ ಬಾಯಿಬಿಡುತ್ತದೆ. ಸರ್ವೆಯನ್ನು ಏಪ್ರಿಲ್–ಮೇ ತಿಂಗಳಲ್ಲಿ ಮಾಡಿಸಿ, ಬಿರುಕುಗಳು ಎದ್ದು ಕಾಣುತ್ತವೆ. ಬಿರುಕಿನೊಳಗೆ ಸಲಾಕೆ ಇಳಿಸಿ ಎಷ್ಟು ಆಳಕ್ಕೆ ಹೋಗುತ್ತದೆ ನೋಡಿ. ಬುನಾದಿ ಅದಕ್ಕಿಂತ ಕೆಳಗೆ ಕೂರಬೇಕು. ಜಾಗದ ತಗ್ಗಿನಲ್ಲಿ ಒಂದು, ದಿಬ್ಬದಲ್ಲಿ ಒಂದು, ಕೋಲ್ಡ್ ಸ್ಟೋರೇಜಿನ ನೀರು ಹೊರಬೀಳುವ ಕಡೆ ಒಂದು, ಹೀಗೆ ಮೂರು ಪರೀಕ್ಷಾ ಗುಂಡಿ ತೋಡಿಸಿ, ಒಂದೂವರೆ ಮೀಟರ್ ಆಳ. ನಾಲ್ಕೈದು ಅಡಿಯಲ್ಲಿ ಗರಸು ಸಿಕ್ಕರೆ ಪುಣ್ಯ, ಕಂಬವನ್ನು ಅಲ್ಲಿಗೇ ಇಳಿಸಿ. ಸಿಗದಿದ್ದರೆ ಮಣ್ಣಿನ ಉಬ್ಬು ಅಳೆಯಿಸಿ. ಹಳ್ಳಿಯ ಶಾಲೆಯ ಪ್ರಯೋಗಾಲಯದಲ್ಲೂ ಆಗುವ ಪರೀಕ್ಷೆ ಅದು: 425 ಮೈಕ್ರಾನ್ ಜರಡಿಯಲ್ಲಿ ಸೋಸಿದ ಒಣ ಮಣ್ಣು ತಲಾ 10 ಗ್ರಾಂ, ಅಳತೆಗೆರೆಯ ಎರಡು ಗಾಜಿನ ಕೊಳವೆ, ಒಂದರಲ್ಲಿ ನೀರು, ಇನ್ನೊಂದರಲ್ಲಿ ಸೀಮೆಎಣ್ಣೆ. ಕಲಕಿ 24 ತಾಸು ಬಿಡಿ. ಸೀಮೆಎಣ್ಣೆಯಲ್ಲಿ ಮಣ್ಣು ಉಬ್ಬುವುದಿಲ್ಲ. ಅಲ್ಲಿ 11 ಮಿ.ಲೀ. ನಿಂತು, ನೀರಿನಲ್ಲಿ 18 ಮಿ.ಲೀ. ಆದರೆ ಉಬ್ಬು 7ನ್ನು 11ರಿಂದ ಭಾಗಿಸಿದಷ್ಟು, ಸುಮಾರು ಶೇ. 64. ಐವತ್ತು ದಾಟಿದರೆ ಸಾದಾ ಗುಂಡಿಯ ಬುನಾದಿ ಬೇಡ.

ಸಾದಾ ಗುಂಡಿಯ ದೋಷ ಅದರ ಆಕಾರದಲ್ಲೇ ಇದೆ. ಗುದ್ದಲಿಯಿಂದ ತೋಡಿದ ಗುಂಡಿ ಮೇಲೆ ಅಗಲ, ಕೆಳಗೆ ಕಿರಿದು. ಕಾಂಕ್ರೀಟೂ ಹಾಗೇ ಕೂರುತ್ತದೆ. ಉಬ್ಬುವ ಮಣ್ಣು ಆ ಅಗಲದ ಅಂಚನ್ನು ಕೆಳಗಿನಿಂದ ಹಿಡಿದು ಎತ್ತುತ್ತದೆ. ಬೇಸಿಗೆಯಲ್ಲಿ ಕಾಂಕ್ರೀಟಿನ ಅಡಿ ಮಣ್ಣು ತುಂಬಿಕೊಂಡಿರುತ್ತದೆ, ಮತ್ತೆ ಕೆಳಗಿಳಿಯದು. ಹೀಗೆ ವರ್ಷ ವರ್ಷ ಕೊಂಚ ಕೊಂಚ. ಬದಲಿಗೆ ಆಗರ್ ಎಂಬ ಕೊರೆಯುವ ಸಾಧನದಿಂದ 30 ಸೆಂ.ಮೀ. ವ್ಯಾಸದ ನೇರ ಗುಂಡಿ ಕೊರೆಸಿ, ಕನಿಷ್ಠ 1.5 ಮೀ. ಆಳ. ಮೂಲೆ ಮತ್ತು ಗೇಟಿನ ಕಂಬಗಳಿಗೆ ಅಡಿಯಲ್ಲಿ ಗಡ್ಡೆಯಾಕಾರ ಇರುವ ಅಂಡರ್‌ರೀಮ್ ಪೈಲ್ ಮಾಡಿಸಿದರೆ ಇನ್ನೂ ಭದ್ರ, ಆ ಗಡ್ಡೆಯ ಅಗಲ ಸಾಮಾನ್ಯವಾಗಿ ಪೈಲ್‌ನ ವ್ಯಾಸದ ಎರಡೂವರೆ ಪಟ್ಟು. ಮೇಲಿನ ಕಾಂಕ್ರೀಟ್ ಅಣಬೆಯ ಹಾಗೆ ಹರಡದಂತೆ ನೋಡಿಕೊಳ್ಳಿ. ಕಂಬಗಳ ನಡುವೆ ಬುಡದ ಬೀಮ್ ಹಾಕಿಸುವುದಾದರೆ ಅದರ ಕೆಳಗೆ 7–8 ಸೆಂ.ಮೀ. ಟೊಳ್ಳು ಬಿಟ್ಟು, ಅಲ್ಲಿ ಸಡಿಲ ಖಡಿ ತುಂಬಿ, ಜಾಳಿಗೆಯನ್ನು ಅದರೊಳಗೆ ಇಳಿಬಿಡಿ. ಬೀಮು ಮಣ್ಣಿನ ಮೇಲೆ ಕೂತರೆ ಕಂಬಗಳನ್ನೂ ಹೊತ್ತು ಮೇಲೇಳುತ್ತದೆ.

ಲೆಕ್ಕ: 240 ಮೀಟರಿಗೆ 2.5ರಂತೆ 96 ಕಂಬ, ಗೇಟಿನವು ಬೇರೆ. ಒಂದು ಗುಂಡಿಗೆ 0.106 ಘನ ಮೀಟರ್, ಒಟ್ಟು ಸುಮಾರು 10.2 ಘನ ಮೀಟರ್ ಕಾಂಕ್ರೀಟು. ಸಿಮೆಂಟು, ಮರಳು, ಖಡಿ ಒಂದು–ಒಂದೂವರೆ–ಮೂರರ ಮಿಶ್ರಣಕ್ಕೆ ಘನ ಮೀಟರಿಗೆ ಎಂಟು ಚೀಲ ಹಿಡಿದರೆ 82 ಚೀಲ ಸಿಮೆಂಟು, ಪೋಲಾಗುವುದಕ್ಕೆ ಇನ್ನೊಂದು ನಾಲ್ಕೈದು. ಕೋಲ್ಡ್ ಸ್ಟೋರೇಜಿನ ನೀರನ್ನು ಮಾತ್ರ ಬೇಲಿಯಿಂದ ದೂರ ಹರಿಸಿ. ವರ್ಷವಿಡೀ ಒಂದೇ ಕಡೆ ಹಸಿಯಿದ್ದರೆ ಯಾವ ಬುನಾದಿಯೂ ಸಮ ನಿಲ್ಲದು.

ಪ್ರಶ್ನೆ: ಬಾಗಲಕೋಟೆ ನವನಗರದಲ್ಲಿ 40×60ರ ಸೈಟಿನಲ್ಲಿ ಮನೆ. ಕಾಂಪೌಂಡ್ ಐದು ಅಡಿ. ಅದರ ಮೇಲೆ ಕಾನ್ಸರ್ಟಿನಾ ಹಾಕಲು ಎಷ್ಟು ಸುರುಳಿ ಬೇಕು? ಪಕ್ಕದವರು ತಕರಾರು ಮಾಡುತ್ತಿದ್ದಾರೆ.

ಉತ್ತರ: ಸುತ್ತಳತೆ 200 ಅಡಿ, ಗೇಟಿನ 12 ಅಡಿ ಕಳೆದರೆ 57 ಮೀಟರ್. ಸುರುಳಿಯನ್ನು ಉದ್ದಕ್ಕೆ ಎಳೆದಷ್ಟೂ ಅಂಗಡಿಯವರ ಲೆಕ್ಕದಲ್ಲಿ ಮೀಟರ್ ಜಾಸ್ತಿ, ರಿಂಗುಗಳ ನಡುವಿನ ಸಂದೂ ಜಾಸ್ತಿ. ರಿಂಗುಗಳ ನಡುವೆ 20 ಸೆಂ.ಮೀ. ದಾಟಬಾರದು. ಸುರುಳಿಯಲ್ಲಿ 50 ರಿಂಗಿದ್ದರೆ 10 ಮೀಟರ್, ಅಂದರೆ ನಿಮಗೆ ಆರು ಸುರುಳಿ. ರಿಂಗುಗಳನ್ನು ಎಣಿಸಿಯೇ ಕೊಳ್ಳಿ.

ಆದರೆ ನಮ್ಮ ಸಲಹೆ, ಅಲ್ಲಿ ಕಾನ್ಸರ್ಟಿನಾ ಬೇಡ. ಐದು ಅಡಿಯ ಗೋಡೆಯ ಮೇಲಿನ ಬ್ಲೇಡು ಓಣಿಯಲ್ಲಿ ಚೆಂಡಾಡುವ ಹುಡುಗರ ಕೈಗೆ ಸಿಗುತ್ತದೆ. ಜನ ಓಡಾಡುವ ಬದಿಯಲ್ಲಿ ಎಂಟು ಅಡಿಗಿಂತ ಕೆಳಗೆ ಬ್ಲೇಡ್ ಬರಬಾರದು, ಪಕ್ಕದವರ ಕಡೆಗೆ ಚಾಚಲೂಬಾರದು. ಅವರ ತಕರಾರಿನಲ್ಲಿ ನ್ಯಾಯವಿದೆ. ಗೋಡೆಯ ಮೇಲೆ ಮೂರು ಅಡಿಯ ನೇರ ಸಲಾಕೆಯ ಗ್ರಿಲ್ ಹಾಕಿಸಿ. 16 ಮಿ.ಮೀ. ಚೌಕ ಸಲಾಕೆ, ನಡುವೆ 10 ಸೆಂ.ಮೀ. ಸಂದು. 57 ಮೀಟರಿಗೆ ಸುಮಾರು 490 ಸಲಾಕೆ, ಮೀಟರಿಗೆ 2 ಕಿಲೋ ತೂಕ ಹಿಡಿದರೆ ಸಲಾಕೆಗಳದ್ದೇ 900 ಕಿಲೋ ಹತ್ತಿರ. ಅಡ್ಡಪಟ್ಟಿ ಒಂದು ಗೋಡೆಗೆ ತೀರ ಹತ್ತಿರ, ಇನ್ನೊಂದು ತುದಿಯ ಸ್ವಲ್ಪ ಕೆಳಗೆ. ನಡುಮಧ್ಯೆ ಪಟ್ಟಿ ಕೊಟ್ಟರೆ ಅದೇ ಮೆಟ್ಟಿಲು. ಅಲಂಕಾರಕ್ಕೆಂದು ಬಳ್ಳಿ, ಹೂವಿನ ವಿನ್ಯಾಸ ಮಾಡಿಸುವವರೂ ಇದ್ದಾರೆ, ನೋಡಲು ಚಂದ, ಹತ್ತಲು ಇನ್ನೂ ಚಂದ.

ಪ್ರಶ್ನೆ: ವಿಜಯಪುರದಲ್ಲಿ ನಮ್ಮ ಗೋದಾಮು ಹಳೆಯ ಸ್ಮಾರಕವೊಂದಕ್ಕೆ ಹತ್ತಿರದಲ್ಲಿದೆ. ಬೇಲಿ ಕಟ್ಟಡವಲ್ಲವಲ್ಲ, ಅನುಮತಿ ಏಕೆ ಎನ್ನುತ್ತಾರೆ ಕಾಂಟ್ರ್ಯಾಕ್ಟರು.

ಉತ್ತರ: ಅವರ ಮಾತು ನಂಬಿ ಗುಂಡಿ ತೋಡಬೇಡಿ. ಕೇಂದ್ರದ ಸಂರಕ್ಷಿತ ಸ್ಮಾರಕವಾದರೆ 1958ರ ಕಾಯ್ದೆ, ಅದರ 2010ರ ತಿದ್ದುಪಡಿಯಂತೆ ಸಂರಕ್ಷಿತ ಪ್ರದೇಶದ ಅಂಚಿನಿಂದ 100 ಮೀಟರ್ ನಿಷೇಧಿತ, ಅದರಾಚೆಯ 200 ಮೀಟರ್ ನಿಯಂತ್ರಿತ. ಅಳತೆ ಗುಮ್ಮಟದಿಂದಲ್ಲ, ಸಂರಕ್ಷಿತ ಜಾಗದ ಹದ್ದಿನಿಂದ. ಗೋಳಗುಮ್ಮಟ, ಇಬ್ರಾಹಿಂ ರೋಜಾ ಮಾತ್ರವಲ್ಲ, ಊರಿನೊಳಗೆ ಸಣ್ಣ ಸಂರಕ್ಷಿತ ಸ್ಮಾರಕಗಳೂ ಹಲವು. ಕಾಂಕ್ರೀಟ್ ಬುನಾದಿಯ ಕಂಬ ನಿಲ್ಲಿಸುವ ಮುನ್ನ ಸಕ್ಷಮ ಪ್ರಾಧಿಕಾರಕ್ಕೆ ನಕ್ಷೆ ಸಮೇತ ಬರೆದು ಲಿಖಿತ ಉತ್ತರ ಪಡೆಯಿರಿ. ಬಾದಾಮಿ, ಐಹೊಳೆ, ಪಟ್ಟದಕಲ್ಲಿನ ಓದುಗರಿಗೂ ಇದೇ ಉತ್ತರ.

ಪ್ರಶ್ನೆ: ಬೀಳಗಿ ತಾಲೂಕಿನಲ್ಲಿ ಆಲಮಟ್ಟಿ ಹಿನ್ನೀರಿನ ಅಂಚಿಗೆ ಹೊಲ. ಪಂಪು, ಕೇಬಲ್ ಕಳವು ಹೆಚ್ಚಾಗಿದೆ. ನೀರಿನ ತನಕ ಬೇಲಿ ಹಾಕಬಹುದೇ?

ಉತ್ತರ: ಜಲಾಶಯದ ಈಗಿನ ಪೂರ್ಣ ಮಟ್ಟ 519.60 ಮೀ. ಅದನ್ನು 524.256 ಮೀ.ಗೆ ಏರಿಸುವ ಯೋಜನೆ ಇದೆ. ನಿಮ್ಮ ಹೊಲದ ಯಾವ ಭಾಗ ಯಾವ ಮಟ್ಟದಲ್ಲಿದೆ, ಸ್ವಾಧೀನಕ್ಕೆ ಒಳಪಟ್ಟಿದೆಯೇ ಎಂದು ಮೊದಲು ದಾಖಲೆ ನೋಡಿ. ಸ್ವಾಧೀನವಾದ ಜಾಗದಲ್ಲಿ ಬೇಲಿಗೆ ದುಡ್ಡು ಸುರಿದರೆ ಅದು ಹೋದ ಹಾಗೇ. ನೀರಿಗೆ ಅಡ್ಡ ಬೇಲಿಯೂ ಬೇಡ, ಕಸ, ಜಾಲಿಮುಳ್ಳು ಸಿಕ್ಕಿಕೊಂಡು ಮೊದಲ ಪ್ರವಾಹಕ್ಕೇ ಮಲಗುತ್ತದೆ. ಪಂಪಿನ ಮನೆ ಮತ್ತು ಸ್ಟಾರ್ಟರ್‌ಗೆ ಮಾತ್ರ, ಮೇಲೂ ಮುಚ್ಚಿದ 358 ಜಾಳಿಗೆಯ ಗೂಡು ಮಾಡಿಸಿ. ಕೇಬಲನ್ನು ಪೈಪಿನಲ್ಲಿ ಹಾಕಿ ಎರಡು–ಮೂರು ಅಡಿ ಆಳದಲ್ಲಿ ಹೂಳಿ.

ಪ್ರಶ್ನೆ: ಗೋಕಾಕದ ಹತ್ತಿರ ಕಬ್ಬಿನ ಹೊಲ, ಪಕ್ಕದಲ್ಲೇ ಬೆಲ್ಲದ ಗಾಣ. ಕಾನ್ಸರ್ಟಿನಾಕ್ಕೇ ರಾತ್ರಿ ಕರೆಂಟ್ ಬಿಟ್ಟರೆ ಹಂದಿ, ಕಳ್ಳ ಎರಡೂ ನಿಲ್ಲುತ್ತವೆ ಎನ್ನುತ್ತಾರೆ.

ಉತ್ತರ: ಮನೆಯ ಅಥವಾ ಪಂಪಿನ ಕರೆಂಟನ್ನು ಬೇಲಿಗೆ ಬಿಡುವುದು ಅಪರಾಧ. ಯಾರಾದರೂ ಸತ್ತರೆ ನರಹತ್ಯೆಯ ಪ್ರಕರಣವೂ ಆಗಬಹುದು. ಸಾಯುವವರು ಹೆಚ್ಚಾಗಿ ನೀರು ಹಾಯಿಸಲು ಬಂದ ಪಕ್ಕದ ಹೊಲದವರು, ಇಲ್ಲವೇ ಮನೆಯವರೇ. ತಂತಿಗೆ ಬಿಟ್ಟುಬಿಟ್ಟು ಕ್ಷಣಮಾತ್ರದ ಕರೆಂಟ್ ಕೊಡುವ ಝಟಕಾ ಯಂತ್ರ ಬೇಕಿದ್ದರೆ ಬೇಲಿಗೆಂದೇ ತಯಾರಾದ, ಮಾನಕದ ಗುರುತಿರುವ ಎನರ್ಜೈಸರ್ ಮಾತ್ರ ಬಳಸಿ. ಅದನ್ನು ನಯವಾದ ತಂತಿಗೆ ಕೊಡಬೇಕು. ಮುಳ್ಳುತಂತಿ, ಕಾನ್ಸರ್ಟಿನಾಕ್ಕೆ ಕೊಡಲೇಬಾರದು, ಸಿಕ್ಕಿಕೊಂಡವರು ಬಿಡಿಸಿಕೊಳ್ಳಲಾರರು. ಯಂತ್ರದ ಅರ್ಥಿಂಗ್ ಸಲಾಕೆ ಮನೆಯ ಅರ್ಥಿಂಗಿನಿಂದ ಕನಿಷ್ಠ 10 ಮೀಟರ್ ದೂರವಿರಲಿ. ದಾರಿ ಹಾಯುವ ಕಡೆಯೆಲ್ಲ ಹಳದಿ ಫಲಕ ಹಾಕಿ, ಕನ್ನಡದ ಜೊತೆಗೆ ಮಿಂಚಿನ ಚಿತ್ರವೂ ಇರಲಿ. ಕಬ್ಬು ಕಡಿಯಲು ಹೊರಗಿನಿಂದ ಬಂದ ಗ್ಯಾಂಗಿನವರಿಗೆ ಅಕ್ಷರ ತಿಳಿಯದಿದ್ದರೂ ಚಿತ್ರ ತಿಳಿಯುತ್ತದೆ.